ಎರಡೂ ಕಡೆಯ ಮುತ್ತಜ್ಜ

ಲಾಯದ ಬಾಗಿಲನ್ನು ಅಗಲಕ್ಕೆ ತೆರೆದು ಗುಡುಗನನ್ನು ಮದುಮಗನಂತೆ ಹೊರಗೆ ಕರೆತಂದ ತಮ್ಮ. ಬೆಳಿಗ್ಗೆಯೇ ಉಜ್ಜಿ ತೊಳೆದಿದ್ದ ಆ ಗಂಡು ಕುದುರೆಯ ಕಪ್ಪು ಮೈ ಬಿಸಿಲಿಗೆ ಹೊಳೆಯುತ್ತಿತ್ತು. ಅಕ್ಕ ಮೈಯನ್ನು ನೋಡಲಿಲ್ಲ; ಕಾಲುಗಳನ್ನು ನೋಡಿದಳು.

“ಇನ್ನೂ ಏನು ಯೋಚನೆ ನಿಂದು?” ಎಂದ ತಮ್ಮ. “ನಿನ್ನ ಜೀರಿಗೆ ಬೆದೆಗೆ ಬಂದಿದಾಳೆ. ಅವಳಿಗೂ ವಯಸ್ಸಾಯ್ತು, ಇದೇ ಕೊನೇ ಮರಿ ಅಂತ ನೀನೇ ಹೇಳ್ತೀಯ. ಅವಳ ತಾಯಿ ಯಜಮಾನನ ಮಗಳು. ಇವನ ಅಪ್ಪ ಯಜಮಾನನ ಮಗ. ಹುಟ್ಟೋ ಮರಿಗೆ ಯಜಮಾನ ಎರಡೂ ಕಡೆಯಿಂದ ಮುತ್ತಜ್ಜ! ಅಂಥ ಓಟ, ಅಂಥ ಎದೆಗಾರಿಕೆ ಎರಡು ಪಾಲು ಸಿಗುತ್ತೆ ಅಂದ್ರೆ ಯಾರಾದ್ರೂ ಬೇಡ ಅಂತಾರಾ?”

ಯಜಮಾನ ಎಂದರೆ ಅವರ ಅಪ್ಪ ಸಾಕಿದ್ದ ಕುದುರೆ. ಅಪ್ಪನೂ ಇಲ್ಲ, ಕುದುರೆಯೂ ಇಲ್ಲ. ಆದರೆ ಯಜಮಾನನ ಸುದ್ದಿ ಬಾರದೆ ಆ ಮನೆಯಲ್ಲಿ ಒಂದು ಊಟವೂ ಮುಗಿಯುತ್ತಿರಲಿಲ್ಲ. ಅಕ್ಕನಿಗೂ ಅವನ ರಕ್ತವೇ ಬೇಕಾಗಿತ್ತು. ಒಳ್ಳೆಯ ಹಿರಿಯನೊಬ್ಬನನ್ನು ಆರಿಸಿಕೊಂಡು, ಅವನ ಗುಣ ಮರಿಯಲ್ಲಿ ಎರಡು ದಾರಿಯಿಂದ ಬಂದು ಸೇರುವಂತೆ ಜೋಡಿ ಹುಡುಕುವುದು ಅವಳು ಓದಿ ಕಲಿತದ್ದು, ಲಾಯದಲ್ಲಿ ಕಂಡು ನಂಬಿದ್ದು. ಆದರೆ ಯಾವುದನ್ನು ತರಲಿ, ಯಾವುದನ್ನು ಬಿಡಲಿ ಎಂದು ರಕ್ತ ಯಾರನ್ನೂ ಕೇಳುವುದಿಲ್ಲ.

“ಓಟ ಒಂದೇ ಎರಡು ಪಾಲು ಬರಲ್ಲ ಕಣೋ. ಆ ಕಾಲೂ ಬರುತ್ತೆ.”

“ಮತ್ತೆ ಶುರು ಮಾಡಿದ್ಯಾ! ಯಜಮಾನ ಕುಂಟ್ತಿದ್ದದ್ದು ದೊಡ್ಡವನಾದ ಮೇಲೆ ಮೊಳೆ ಚುಚ್ಚಿದ್ದಕ್ಕೆ. ಅಪ್ಪ ಎಷ್ಟು ಸಲ ಹೇಳಿಲ್ಲ? ಮೊಳೆ ಎಲ್ಲಾದ್ರೂ ಮೊಮ್ಮಕ್ಕಳಿಗೆ ಬರುತ್ತಾ?”

“ಬರಲ್ಲ. ಬರೀ ಮೊಳೆ ಆಗಿದ್ರೆ ನಾನು ಈಗಲೇ ಒಪ್ತೀನಿ. ಆದ್ರೆ ಜೀರಿಗೆಯ ಮುಂದಿನ ಬಲಗಾಲಿಗೆ ಒಂದು ಅಳತೆ ಚಿಕ್ಕ ಲಾಳ ಯಾಕೆ ಹೊಡೀಬೇಕು? ಅವಳಿಗೆ ಯಾವ ಮೊಳೆ ಚುಚ್ಚಿತ್ತು?”

“ನಿನ್ನ ಎರಡು ಕಾಲೂ ಒಂದೇ ಅಳತೆನಾ? ಚಪ್ಪಲಿ ಅಂಗಡಿಯವನನ್ನ ಕೇಳು.”

“ನನ್ನ ಬೆನ್ನ ಮೇಲೆ ಯಾರೂ ಕೂತು ಓಡಿಸಲ್ಲ.”

“ಅದು ನಿಜ. ನೀನೇ ಎಲ್ಲರ ತಲೆ ಮೇಲೆ ಕೂತಿರ್ತೀಯ.”

ಅಕ್ಕನಿಗೆ ನಗು ಬಂತು. ತಮ್ಮ ನಗಲಿಲ್ಲ. ಗುಡುಗನ ಕೊರಳು ಸವರುತ್ತ, “ಇವನಿಗೆ ಇದು ಮೊದಲನೇ ಜೋಡಿ ಅಕ್ಕ,” ಎಂದ. “ಜೀರಿಗೆ ಅಂಥವಳಿಂದ ಒಂದು ಮರಿ ಆದ್ರೆ ಜನ ತಾವಾಗೇ ಇವನನ್ನ ಹುಡುಕ್ಕೊಂಡು ಬರ್ತಾರೆ. ಒಡಹುಟ್ಟಿದ ಅಕ್ಕನೇ ಬೇಡ ಅಂದ್ಲು ಅಂತಾದ್ರೆ, ಆಮೇಲೆ ಯಾರು ಬರ್ತಾರೆ ಹೇಳು?”

ಬೇರೊಬ್ಬರ ಲಾಯದ ಬೂದು ಬಣ್ಣದ ಗಂಡೊಂದು ಅಕ್ಕನ ಮನಸ್ಸಿನಲ್ಲಿತ್ತು. ಅದರ ವಂಶದಲ್ಲೂ ಯಜಮಾನನಿದ್ದ. ಆದರೆ ಇನ್ನೊಂದು ತಲೆಮಾರು ಹಿಂದೆ, ನಾಲ್ಕೂ ಗೊರಸು ಸಮವಾಗಿದ್ದ ಒಬ್ಬ ಮಗಳ ಮೂಲಕ. ಅದೇ ಸರಿ ಎಂದು ಅವಳ ಬುದ್ಧಿ ಎಂದೋ ತೀರ್ಮಾನಿಸಿಯಾಗಿತ್ತು. ಎದುರಿಗೆ ನಿಂತವನು ಮಾತ್ರ ತಮ್ಮನಾಗಿದ್ದ.

“ಒಂದು ಕೆಲಸ ಮಾಡು. ಇವನನ್ನ ಅಂಗಳದ ಕಲ್ಲುಹಾಸಿನ ಮೇಲೆ ನಡೆಸು. ಸರಿಯಾಗಿದ್ರೆ ಇವತ್ತೇ ಜೀರಿಗೆಯನ್ನ ತಂದು ನಿಲ್ಲಿಸ್ತೀನಿ.”

“ಕಲ್ಲ ಮೇಲಾ?” ತಮ್ಮ ಮರಳು ಹಾಸಿದ ಕಣದ ಕಡೆ ನೋಡಿದ. ಬಂದವರಿಗೆಲ್ಲ ಅವನು ಗುಡುಗನನ್ನು ಅಲ್ಲೇ ಓಡಿಸಿ ತೋರಿಸುತ್ತಿದ್ದದ್ದು. “ಬೇಕಾದ್ರೆ ಓಡಿಸ್ತೀನಿ, ಕಣ್ತುಂಬ ನೋಡು.”

“ಓಡಿಸೋದು ಬೇಡ. ಓಟದಲ್ಲಿ ಎಲ್ಲಾ ಮುಚ್ಚಿಹೋಗುತ್ತೆ. ನಡೆಸು ಸಾಕು.”

ತಮ್ಮ ಎದೆಯುಬ್ಬಿಸಿ ಹಗ್ಗ ಹಿಡಿದು ಹೊರಟ. ಗುಡುಗ ಕೊರಳು ಬಾಗಿಸಿ ಬಿಂಕದಿಂದ ಹೆಜ್ಜೆ ಹಾಕಿದ. ಎಷ್ಟು ಹುಡುಕಿದರೂ ಅಕ್ಕನ ಕಣ್ಣಿಗೆ ತಪ್ಪು ಸಿಗಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡಳು. ಲಾಳದ ಸದ್ದಿನಲ್ಲಿ ಎಲ್ಲೋ ಒಂದು ಪೆಟ್ಟು ಹಗುರಾಗಿ ಬಿದ್ದಂತೆ ಕೇಳಿಸಿತು. ನಿಜವಾಗಿ ಕೇಳಿಸಿತೋ, ಕೇಳಬೇಕೆಂದು ಕಾದಿದ್ದರಿಂದ ಕೇಳಿಸಿತೋ, ಆಣೆಯಿಟ್ಟು ಹೇಳುವಂತಿರಲಿಲ್ಲ.

“ನೋಡಿದ್ಯಾ? ಗಡಿಯಾರ ಇದ್ದ ಹಾಗಿದೆ!” ತಮ್ಮ ಅಂಗಳದ ಆ ತುದಿಯಿಂದ ಕೂಗಿದ.

ಅಡುಗೆಮನೆಯ ಕಿಟಕಿ ದಡಾರನೆ ತೆರೆಯಿತು. ಸೋಪಿನ ನೊರೆ ಮೆತ್ತಿದ್ದ ಕೈಯಲ್ಲೇ ಸರಳು ಹಿಡಿದು ಅಮ್ಮ ಹೊರಗೆ ಇಣುಕಿದಳು. ಮುಖವೆಲ್ಲ ಅರಳಿತ್ತು.

“ಯಾರೋ ಅದು, ಗುಡುಗನಾ? ಅಯ್ಯೋ, ನನಗೆ ಯಜಮಾನನೇ ಬಂದ ಅನ್ನಿಸ್ತು ಕಣ್ರೋ! ನಿಮ್ಮಪ್ಪ ಅವನನ್ನ ಮೊದಲನೇ ಸಲ ಈ ಅಂಗಳಕ್ಕೆ ತಂದಾಗ ಅವನಿನ್ನೂ ಎಳೇ ಮರಿ. ಆವಾಗ್ಲೂ ಹೀಗೇ ಕೇಳ್ತಿತ್ತು. ಮೂರು ಹೆಜ್ಜೆ ಗಟ್ಟಿ, ಒಂದು ಮೆಲ್ಲಗೆ.”

ಅಕ್ಕ ತಮ್ಮನ ಮುಖ ನೋಡುವ ಗೋಜಿಗೆ ಹೋಗದೆ, ಅಂಗಳದ ಈ ತುದಿಯಲ್ಲಿದ್ದ ಜೀರಿಗೆಯ ಲಾಯದ ತೆರೆದಿದ್ದ ಅಗುಳಿಯನ್ನು ಮೆಲ್ಲಗೆ ಹಾಕಿದಳು. ತಮ್ಮ ಹಗ್ಗವನ್ನು ಗಿಡ್ಡವಾಗಿ ಹಿಡಿದು, ಗುಡುಗನನ್ನು ಕಲ್ಲಿನಿಂದ ಮರಳಿನ ಮೇಲೆ ಇಳಿಸಿದ. ಸದ್ದು ಅಡಗಿತು.

“ಯಾಕೋ ನಿಲ್ಲಿಸ್ಬಿಟ್ಟೆ?” ಅಮ್ಮ ಕಿಟಕಿಯಿಂದ ಕೂಗಿದಳು. “ಇನ್ನೊಂದು ಸುತ್ತು ನಡೆಸೋ, ಕೇಳೋಕೆ ಎಷ್ಟು ಚೆನ್ನಾಗಿತ್ತು!”