ಚೆಂಡಿಗೆ ಹಚ್ಚಿದ ಹರಳೆಣ್ಣೆ

ಹರಳೆಣ್ಣೆಯ ವಾಸನೆ ಬಂದರೆ ಈಗಲೂ ತುಮಕೂರಿನ ನಮ್ಮ ಹಾಸ್ಟೆಲ್ ಜಗುಲಿಯ ಆ ಭಾನುವಾರದ ಮಧ್ಯಾಹ್ನ ಕಣ್ಣೆದುರು ತೇಲುತ್ತದೆ. ತಲೆಗೆಂದು ವಾರ್ಡನ್ ಕೊಡುತ್ತಿದ್ದ ಎಣ್ಣೆಯನ್ನು ನಾವು ಹುಡುಗಿಯರು ಕ್ಲಬ್ಬಿನ ಫುಟ್‌ಬಾಲಿಗೆ ಹಚ್ಚುತ್ತಿದ್ದೆವು. ಇಲ್ಲದಿದ್ದರೆ ಚರ್ಮ ಬಿರಿಯುತ್ತಿತ್ತು. ಅಂದು ಮ್ಯಾಚಿತ್ತು. ಅಂದೇ ಕೊತ್ತಗೆರೆಯಿಂದ ಅವ್ವ ನನ್ನನ್ನು ನೋಡಲು ಬಂದಿದ್ದಳು.

"ತಲೆ ಒಣಗಿ ಕಡ್ಡಿ ಆಗೈತಲ್ಲೇ, ಎಣ್ಣೆ ಕೊಡಲ್ವಾ?" ಎಂದು ಜಡೆ ಬಿಚ್ಚಿದಳು. ನನ್ನ ಮಡಿಲಲ್ಲಿ ಚೆಂಡು ಬಿಸಿಲಿಗೆ ಮಿರುಗುತ್ತಿತ್ತು. ಅವ್ವ ಅದನ್ನು ಸವರಿ, ಬೆರಳು ಮೂಸಿದಳು. ಗೇಟಿನಾಚೆಯಿಂದ ಗೆಳತಿಯರು ಕೂಗಿದರು.

ಅವ್ವ ಮನೆಯಿಂದ ತಂದಿದ್ದ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು, ಎಳೆಗೂಸಿಗೆ ಹಚ್ಚುವಂತೆ ಚೆಂಡಿಗೆ ಮೆಲ್ಲಗೆ ಉಜ್ಜಿದಳು.

"ತಲೆ ತಡ್ಕಳ್ತದೆ ಬುಡು. ಇದು ಬಿರಿದ್ರೆ ಆಟ ನಿಂತೋಯ್ತದೆ. ಓಡು, ಕರೀತಾವ್ರೆ."

ಬಿಚ್ಚುಗೂದಲಲ್ಲೇ ಓಡಿದೆ. ಗೇಟಿನಲ್ಲಿ ತಿರುಗಿ ನೋಡಿದಾಗ ಅವ್ವ ಬಾಚಣಿಗೆ ಹಿಡಿದುಕೊಂಡು ಅಲ್ಲೇ ಕೂತಿದ್ದಳು.