ಹುತಾತ್ಮನ ಹೆಂಡತಿಯ ಜಾಗದಲ್ಲಿ

ಸ್ಕೂಟರಿನ ಹಳೇ ಟಯರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೆಡ್ ಕಾನ್‌ಸ್ಟೆಬಲ್ ಪೊಲೀಸ್ ಹುತಾತ್ಮರ ಸ್ಮಾರಕದ ಮೆಟ್ಟಿಲು ಹತ್ತಿದ. ಹೂವಿನ ಚಕ್ರ ಬರುವುದು ನಾಳೆ; ಇವತ್ತಿನ ರಿಹರ್ಸಲ್‌ಗೆ ಟಯರೇ ಹೂವು. ಸತ್ತವನ ಹೆಂಡತಿ ನಾಳೆ ಮಾಡಬೇಕಾದ್ದನ್ನೆಲ್ಲ ಇವತ್ತು ಅವನು ಮಾಡಿ ತೋರಿಸಬೇಕು. ವರ್ಷಾ ವರ್ಷ ಈ ಪಾತ್ರವನ್ನು ಅವನ ತಲೆಗೇ ಕಟ್ಟುತ್ತಿದ್ದರು. ಹೋದ ವರ್ಷ ಸಾಲಿನಲ್ಲಿ ನಿಂತು, "ಅತ್ತಿಗೆ, ಸೆರಗು ಜೋಪಾನ!" ಎಂದು ಕೂಗಿ ಎಲ್ಲರನ್ನೂ ನಗಿಸಿದವನು ಅವನ ಜೀಪಿನ ಡ್ರೈವರ್. ಈ ವರ್ಷ ಕಲ್ಲಿನ ಮೇಲಿನ ಕೊನೆಯ ಹೆಸರು ಆ ಡ್ರೈವರನದೇ.

"ಬೇಗ ಮುಗಿಸ್ರಯ್ಯಾ," ಇನ್‌ಸ್ಪೆಕ್ಟರ್ ನೆರಳಿನಿಂದಲೇ ಕೂಗಿದರು. ಬೆಳಗಿನಿಂದ ಮಾಡಿದ್ದನ್ನೇ ಮಾಡಿ ಎಲ್ಲರ ಕಾಲೂ ಬೂಟಿನೊಳಗೆ ಬೆಂದುಹೋಗಿದ್ದವು. "ಹೂ ಇಟ್ರು, ಕೈ ಮುಗಿದ್ರು, ತಿರುಗಿದ್ರು. ಅಷ್ಟೇ. ಹಿಂದೇನೇ ಮಂತ್ರಿಗಳು ಬರ್ತಾರೆ."

ಅವನು ಟಯರನ್ನು ಕಲ್ಲಿಗೆ ಒರಗಿಸಿ ಕೈ ಮುಗಿದ. ಹೊಸದಾಗಿ ಕೊರೆದ ಅಕ್ಷರಗಳ ಸಂದಿಯಲ್ಲಿ ಕಲ್ಲಿನ ಪುಡಿ ಇನ್ನೂ ಕೂತಿತ್ತು. ಹೆಬ್ಬೆರಳಿನಿಂದ ಒಂದಕ್ಷರ ಒರೆಸಿದ, ಆಮೇಲೆ ಅದರ ಪಕ್ಕದ್ದು. ಬ್ಯಾಂಡಿನವರು ಕಾದು ಸುಸ್ತಾಗಿ ವಾದ್ಯ ಕೆಳಗಿಟ್ಟರು.

"ಏನಯ್ಯಾ, ಅಲ್ಲೇ ಬೇರು ಬಿಟ್ಯಾ? ತಿರುಗು!"

ಅವನ ಹೆಬ್ಬೆರಳು ಇನ್ನೂ ಹೆಸರಿನ ನಡುವಿನಲ್ಲಿತ್ತು. ಕಲ್ಲಿನ ಕಡೆಗೇ ಮುಖ ಮಾಡಿಕೊಂಡು, ದಣಿದ ದನಿಯಲ್ಲಿ ಹೇಳಿದ:

"ನಾಳೆ ಆ ತಂಗಿ ಇಷ್ಟು ಬೇಗ ತಿರುಗಲ್ಲ ಸಾರ್. ಟೈಮು ಸ್ವಲ್ಪ ಜಾಸ್ತಿ ಇಟ್ಕೊಳ್ಳಿ."