ಎರಡು ಸಹಿ

"ಇವರು ಸುಳ್ಳು ಹೇಳ್ತಿದ್ದಾರೆ ಮಾಮಾ," ಎಂದು ಸಂಹಿತಾ ಪಕ್ಕದಲ್ಲಿ ಕೂತ ನಂಜುಂಡನಿಗೆ ಇಂಗ್ಲಿಷಿನಲ್ಲಿ ಹೇಳಿದಳು, ಎದುರಿಗೆ ಕೂತವನಿಗೆ ತಿಳಿಯದಿರಲೆಂದು.

ಎದುರಿಗೆ ಕೂತವನು ಜಡೇಗೌಡ. ಸತ್ಯಮಂಗಲದಾಚೆಯ ಬೆಟ್ಟದಿಂದ ಮೂರು ಬಸ್ಸು ಬದಲಿಸಿ, ಚೆನ್ನೈನ ನುಂಗಂಬಾಕ್ಕಂನಲ್ಲಿರುವ ಈ ನಾಲ್ಕನೇ ಮಹಡಿಯ ಕಚೇರಿಗೆ ಬಂದಿದ್ದ. ಲಿಫ್ಟನ್ನು ನಂಬದೆ ಮೆಟ್ಟಿಲು ಹತ್ತಿದ್ದರಿಂದ ಏದುಸಿರು ಇನ್ನೂ ಇಳಿದಿರಲಿಲ್ಲ.

ಸಂಹಿತಾಳ ಸಂಸ್ಥೆಯ ಕೆಲಸ ಸರಳ. ಗಾಂಜಾ ಬೆಳೆಯುತ್ತಿದ್ದವರು ಅದನ್ನು ಬಿಟ್ಟರೆ ಅವರಿಗೆ ಮೆಣಸಿನ ಬಳ್ಳಿ, ಕಾಫಿ ಸಸಿ. ಬೆಳೆದದ್ದನ್ನು ಪೇಟೆಗೆ ಇಳಿಸಲು ಒಂದು ಟೆಂಪೋ. ಟೆಂಪೋ ಬಂದದ್ದೇ ಹಳೆಯ ವ್ಯಾಪಾರಿಯ ಲಾರಿ ಬೆಟ್ಟ ಹತ್ತುವುದನ್ನು ನಿಲ್ಲಿಸಿಬಿಟ್ಟಿತ್ತು. ಸಂಸ್ಥೆಯ ಕಾರ್ಡಿಲ್ಲದವನ ಮೂಟೆಯನ್ನು ಟೆಂಪೋ ಮುಟ್ಟುವುದಿಲ್ಲ. ಊರಿನಲ್ಲಿ ಕಾರ್ಡಿಲ್ಲದ ಮನೆ ಜಡೇಗೌಡನದೊಂದೇ. ಹೋದ ವರ್ಷ ಅವನ ಅವರೆಯೆಲ್ಲ ಅಂಗಳದಲ್ಲೇ ಹುಳ ಹಿಡಿದಿತ್ತು. ಈ ವರ್ಷದ ಪಟ್ಟಿ ಇವತ್ತು ಐದು ಗಂಟೆಗೆ ಮುಚ್ಚುತ್ತದೆ.

ಕಾರ್ಡಿಗೆ ಊರಿನ ಇಬ್ಬರ ಸಹಿ ಬೇಕು: 'ಈತ ಗಾಂಜಾ ಬೆಳೆಯುವುದನ್ನು ಬಿಟ್ಟಿದ್ದಾನೆ.' ಮೊದಲ ವರ್ಷ ಮೂವರು ಬಳ್ಳಿ ಪಡೆದು, ಅದರ ಮರೆಯಲ್ಲೇ ಗಾಂಜಾ ಎಬ್ಬಿಸಿದ್ದರು. ಆಮೇಲೆ ಬಂದ ನಿಯಮ ಇದು. ಜಡೇಗೌಡನ ಅರ್ಜಿಯಲ್ಲಿ ಎರಡೂ ಜಾಗ ಖಾಲಿ.

"ಎಷ್ಟು ವರ್ಷ ಬೆಳೆದ್ರಿ?"

"ಎಲ್ಲಾರೂ ಬೆಳ್ದಷ್ಟು ವರ್ಸ ಕನವ್ವಾ."

"ಯಾರು ಬಂದು ವಾಂಗ್ತಾ ಇದ್ದರು?"

ಅವನು ನಂಜುಂಡನ ಮುಖ ನೋಡಿದ. ನಂಜುಂಡ ಕೊಳ್ಳೇಗಾಲದ ಕಡೆಯವನು, ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತನಾದವನು. ಚೆನ್ನೈನಲ್ಲೇ ಹುಟ್ಟಿ ಬೆಳೆದ ಸಂಹಿತಾಳ ಕನ್ನಡವನ್ನು ಬೆಟ್ಟದವರಿಗೆ, ಬೆಟ್ಟದ ಕನ್ನಡವನ್ನು ಅವಳಿಗೆ ದಾಟಿಸುವುದಕ್ಕೆಂದೇ ವಾರಕ್ಕೆರಡು ದಿನ ಇಲ್ಲಿಗೆ ಬರುತ್ತಿದ್ದ.

"ಯಾರು ಕೊಂಡ್ಕತಿದ್ರು ಅಂತ ಕೇಳ್ತಾವ್ಳೆ ಗೌಡ್ರೆ. ಹೇಳಿ, ನಿಮ್ಮನ್ನೇನೂ ಕೊಂಡ್ಕಳಾಕಿಲ್ಲ."

"ಯಾರೋ ಬರೋರು. ನಾನು ಮೊಕ ನೋಡ್ನಿಲ್ಲ."

ಸಂಹಿತಾ ಎರಡು ಫೋಟೋ ಮುಂದಿಟ್ಟಳು. ಒಂದು ಗಾಂಜಾ. ಇನ್ನೊಂದು ಪುಂಡಿ ಸೊಪ್ಪು, ಎಲೆ ನೋಡಲು ಹೆಚ್ಚುಕಡಿಮೆ ಅದೇ ತರಹ. ಯಾವುದು ಗಾಂಜಾ ಎಂದು ಕೇಳಿದ್ದಕ್ಕೆ ಜಡೇಗೌಡ ಪುಂಡಿಯ ಮೇಲೆ ಬೆರಳಿಟ್ಟ.

"ಅದ್ರಲ್ಲಿ ನಮ್ಮನೇಲಿ ಚಟ್ನಿ ಅರೀತಾರೆ ಗೌಡ್ರೆ!" ನಂಜುಂಡ ಹೊಟ್ಟೆ ಹಿಡಿದು ನಕ್ಕ.

ಸಂಹಿತಾ ನಗಲಿಲ್ಲ. ಗಿಡವೇ ಗೊತ್ತಿಲ್ಲವೆನ್ನುವ ಈ ನಟನೆಯನ್ನು ಅವಳು ಬೇಕಾದಷ್ಟು ನೋಡಿದ್ದಳು. ಆ ಮೂವರೂ ಹೀಗೇ ಪಾಪದವರ ಮುಖ ಮಾಡಿದ್ದರು.

"ಪೊಯ್ ಬೇಡ ಗೌಡರೇ, ಸುಳ್ಳು ಬೇಡ. ಊರಲ್ಲಿ ನಲವತ್ತು ಮನೆ ಇದೆ. ನೀವು ಬಿಟ್ಟಿದ್ದೀರಿ ಅಂತ ಒಬ್ಬರೂ ಯಾಕೆ ಸಹಿ ಹಾಕಲ್ಲ? ನಿಮ್ಮ ಮೇಲೆ ದ್ವೇಷವಾ?"

ಜಡೇಗೌಡ ತಲೆ ತಗ್ಗಿಸಿದ. "ದ್ವೇಸ ಏನಿಲ್ಲ ಕನವ್ವಾ. ಸುಳ್ಗೆ ರುಜು ಹಾಕಾಕಿಲ್ಲ ಅಂತಾರೆ. ಅವ್ರು ಹೇಳಾದೂ ನ್ಯಾಯವೇ."

ಅಷ್ಟು ಸಾಕಾಗಿತ್ತು. ನಂಜುಂಡನ ನಗು ನಿಂತಿತು. ಸಂಹಿತಾಳಿಗೆ ಗೆದ್ದಂತೆ ಅನಿಸಲಿಲ್ಲ.

"ನಿಜ ಹೇಳಿದಿರಲ್ಲ, ಸಂತೋಷ. ಆದರೆ ನನ್ನ ಕೈಯಲ್ಲಿ ಏನೂ ಇಲ್ಲ ಗೌಡರೇ. ಬಿಟ್ಟವರಿಗೆ ಮಾತ್ರ ಕಾರ್ಡು."

"ಬಿಟ್ಟವ್ರಿಗೆ ಮಾತ್ರವಾ ಅವ್ವಾ? ಇನ್ಯಾರ್ಗೂ ಇಲ್ವಾ?"

"ಇನ್ಯಾರಿಗೂ ಇಲ್ಲ. ನೀವೂ ಬಿಡಿ, ಸಹಿ ಹಾಕಿಸಿಕೊಂಡು ಬನ್ನಿ. ಮುಂದಿನ ವರ್ಷ ನಾನೇ ಬರೆದುಕೊಡ್ತೀನಿ. ಆಗುತ್ತಾ?"

ಜಡೇಗೌಡ ಎದ್ದು ನಿಂತ. "ಆಯ್ತು ಕನವ್ವಾ. ಇನ್ನೇನ್ ಮಾಡಾದು."

ನಂಜುಂಡ ಅವನನ್ನು ಬಸ್ಸು ಹತ್ತಿಸಲು ಕೆಳಗೆ ಹೋದ. ಸಂಹಿತಾ ಅರ್ಜಿಯ ಮೇಲೆ 'ಇನ್ನೂ ಬೆಳೆಯುತ್ತಿದ್ದಾರೆ, ತಿರಸ್ಕೃತ' ಎಂದು ಬರೆದಳು. ಐದು ಗಂಟೆಗೆ ಪಟ್ಟಿ ಕಳಿಸಿದಳು.

ನಂಜುಂಡ ವಾಪಸು ಬಂದವನು ಕೂರಲಿಲ್ಲ.

"ತುಂಬ ಬೇಜಾರು ಮಾಡಿಕೊಂಡರಾ ಮಾಮಾ?"

"ಇಲ್ಲಮ್ಮಾ. ಗಾಂಜಾ ಬೀಜ ಎಲ್ಲಿ ಸಿಗುತ್ತೆ ಅಂತ ಕೇಳಿದ್ರು. ಊರೆಲ್ಲ ಬೆಳೆದಾಗಲೂ ಅವರೊಬ್ಬರು ಮುಟ್ಟಿರಲಿಲ್ಲವಂತೆ. ಈಗ ಒಂದು ಬೆಳೆ ತೆಗೆದು, ಆಮೇಲೆ ಬಿಟ್ಟು ಸಹಿ ಹಾಕಿಸಿಕೊಳ್ಳೋಣ ಅಂದರೆ, ಊರವರೆಲ್ಲ ಬೀಜ ಸುಟ್ಟುಬಿಟ್ಟಿದ್ದಾರಂತೆ."